ರೈಲು ಬರುತ್ತಿದೆ, ಹಳಿಯಲ್ಲಿ ಜಾಗ ಎಲ್ಲಿದೆ?

ಬೆಂಗಳೂರಿನ ರೈಲು ಸುದ್ದಿಗಳನ್ನು ಜೋಡಿಸಿಕೊಂಡು ಓದಿದರೆ ತಲೆ ತಿರುಗುತ್ತದೆ. 2025ರ ಆಗಸ್ಟ್‌ನಲ್ಲಿ ಬೆಂಗಳೂರು–ಬೆಳಗಾವಿ ವಂದೇ ಭಾರತ್ ಶುರುವಾಯಿತು. ನವೆಂಬರ್‌ನಲ್ಲಿ ಎರ್ನಾಕುಲಂಗೂ ಒಂದು ಬಂತು. ಅದೇ ವರ್ಷ ಜೂನ್‌ನಿಂದ ಯಶವಂತಪುರ–ಮಂಗಳೂರು ಹಗಲು ರೈಲುಗಳು ತಿಂಗಳುಗಟ್ಟಲೆ ರದ್ದಾದವು. ಕೋಲಾರ, ತುಮಕೂರು, ಹೊಸೂರು ಕಡೆಯಿಂದ ದಿನಾ ಓಡಾಡುವವರು ಇನ್ನೊಂದು ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ಪ್ಯಾಸೆಂಜರ್ ಗಾಡಿ) ಕೊಡಿ ಅಂತ ಕೇಳಿದರೆ ಬರುವ ಉತ್ತರ ಒಂದೇ: ಹಳಿಯಲ್ಲಿ ಜಾಗ ಇಲ್ಲ.

ಹೊಸ ರೈಲಿಗೆ ಸಿಕ್ಕ ಜಾಗ ಹಳೇ ಊರಿನವರಿಗೆ ಯಾಕೆ ಸಿಗುವುದಿಲ್ಲ? ಇದು ಬರೀ ರಾಜಕೀಯದ ಪ್ರಶ್ನೆ ಅಲ್ಲ, ಲೆಕ್ಕದ ಪ್ರಶ್ನೆಯೂ ಹೌದು. ಆ ಲೆಕ್ಕ ಅರ್ಥವಾದರೆ ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ. ಯಾರೂ ಗಮನಿಸದ ಪಕ್ಕದ ಸಣ್ಣ ಮಾರ್ಗಗಳು ಸೊರಗಿದಷ್ಟೂ ಮುಖ್ಯ ಮಾರ್ಗದ ಉಸಿರು ಕಟ್ಟುತ್ತಾ ಹೋಗುತ್ತದೆ.

ಹಳಿ ಖಾಲಿ ಕಂಡರೂ ಖಾಲಿ ಇರುವುದಿಲ್ಲ

ಲೆವೆಲ್ ಕ್ರಾಸಿಂಗ್ ಹತ್ತಿರ ನಿಂತು ನೋಡಿದರೆ ಹಳಿ ಬಹಳ ಹೊತ್ತು ಖಾಲಿಯೇ ಇರುತ್ತದೆ. ಹಾಗಾದರೆ ಜಾಗ ಇಲ್ಲ ಅನ್ನುವುದು ಹೇಗೆ ಅಂತ ಅನಿಸುವುದು ಸಹಜ. ರಸ್ತೆಯಲ್ಲಿ ಒಂದು ಬಸ್ಸಿನ ಹಿಂದೆ ಹತ್ತಡಿ ಬಿಟ್ಟು ಇನ್ನೊಂದು ಬಸ್ಸು ಬರಬಹುದು. ರೈಲಿಗೆ ಅದು ಆಗುವುದಿಲ್ಲ. ಜೋರಾಗಿ ಬರುತ್ತಿರುವ ರೈಲು ಬ್ರೇಕ್ ಹಾಕಿದರೂ ನಿಲ್ಲಲು ಒಂದು ಕಿಲೋಮೀಟರ್ ಆಸುಪಾಸು ಬೇಕು. ಅದಕ್ಕೇ ಹಳಿಯನ್ನು ತುಂಡು ತುಂಡಾಗಿ ಭಾಗ ಮಾಡಿರುತ್ತಾರೆ. ಒಂದು ತುಂಡಿಗೆ ಒಂದು ಬ್ಲಾಕ್ ಅಂತ ಹೆಸರು. ಒಂದು ಬ್ಲಾಕ್‌ನೊಳಗೆ ಒಂದು ಹೊತ್ತಿಗೆ ಒಂದೇ ರೈಲು. ಅದು ಪೂರ್ತಿ ಹೊರಗೆ ಬರುವ ತನಕ ಹಿಂದಿನದಕ್ಕೂ ಎದುರಿನದಕ್ಕೂ ಒಳಗೆ ಬರಲು ಅಪ್ಪಣೆ ಇಲ್ಲ.

ಒಂದು ಹಳಿಯಲ್ಲಿ ದಿನಕ್ಕೆ ಎಷ್ಟು ರೈಲು ಓಡಬಹುದು ಅನ್ನುವುದಕ್ಕೆ ರೈಲ್ವೆಯಲ್ಲಿ ಬಹಳ ಕಾಲದಿಂದ ಬಳಸುವ ಒಂದು ಸೂತ್ರ ಇದೆ, ಸ್ಕಾಟ್ ಸೂತ್ರ ಅಂತ. ಲೆಕ್ಕ ಸುಲಭ. ದಿನಕ್ಕೆ 1440 ನಿಮಿಷ. ನಿಧಾನವಾದ ರೈಲೊಂದು ಬ್ಲಾಕ್ ದಾಟಲು ಬೇಕಾದ ಹೊತ್ತಿಗೆ, ಲೈನ್ ಕ್ಲಿಯರ್ (ಮುಂದಿನ ಬ್ಲಾಕ್ ಖಾಲಿ ಇದೆ, ರೈಲು ಬರಬಹುದು ಅನ್ನುವ ಅಪ್ಪಣೆ) ಕೊಟ್ಟು ತಗೊಳ್ಳುವ ಐದು ನಿಮಿಷ ಸೇರಿಸಿ. ಬಂದ ಮೊತ್ತದಿಂದ 1440ನ್ನು ಭಾಗಿಸಿ. ಅದರಲ್ಲಿ ಶೇ 70ರಷ್ಟನ್ನು ಮಾತ್ರ ಹಿಡಿಯಿರಿ. ಉಳಿದದ್ದು ದುರಸ್ತಿ, ತಡ, ಅಡಚಣೆಗಳ ಪಾಲು.

ಬೆಂಗಳೂರು–ಮಂಗಳೂರು ಮಾರ್ಗದ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಗೆ ಇದನ್ನೇ ಹಾಕಿ ನೋಡೋಣ. ಉದ್ದ 55 ಕಿಲೋಮೀಟರ್. ಏರು 50 ಅಡಿಗೆ ಒಂದಡಿ. ನಡುವೆ ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಶಿರಿಬಾಗಿಲು ಸ್ಟೇಷನ್‌ಗಳು. ಅಂದರೆ ಐದು ತುಂಡು, ಒಂದೊಂದೂ ಸರಾಸರಿ 11 ಕಿಲೋಮೀಟರ್. ಗಂಟೆಗೆ 30 ಕಿಲೋಮೀಟರ್ ವೇಗ ಅಂತ ಹಿಡಿದರೆ ಒಂದು ತುಂಡು ದಾಟಲು 22 ನಿಮಿಷ. ಲೈನ್ ಕ್ಲಿಯರ್‌ನ ಐದು ನಿಮಿಷ ಸೇರಿಸಿದರೆ 27. ಸೂತ್ರದ ಪ್ರಕಾರ ದಿನಕ್ಕೆ ಸುಮಾರು 37 ರೈಲು. ಹೋಗುವ ಬರುವ ಎರಡೂ ಸೇರಿ, ಗೂಡ್ಸ್ ಕೂಡ ಸೇರಿ. ಇದೂ ಸರಾಸರಿಯ ಲೆಕ್ಕ. ನಿಜವಾಗಿ ತೂಕ ಬೀಳುವುದು ಎಲ್ಲಕ್ಕಿಂತ ಉದ್ದದ ತುಂಡಿನ ಮೇಲೆ. ಭಾರದ ಗೂಡ್ಸ್‌ಗಳನ್ನು ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್‌ಗಳು ವಾಪಸ್ ಬರುವುದಕ್ಕೂ ಇದೇ ಹಳಿ ಬೇಕು. ಹಾಗಾಗಿ ಕೈಗೆ ಸಿಗುವ ಸಂಖ್ಯೆ ಇದಕ್ಕಿಂತ ಕಡಿಮೆಯೇ.

2025ರಲ್ಲಿ ಹಗಲು ರೈಲುಗಳು ಯಾಕೆ ರದ್ದಾದವು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಘಾಟಿಯಲ್ಲಿ ವಿದ್ಯುತ್ ತಂತಿ ಎಳೆಯಬೇಕಿತ್ತು. 57 ಸುರಂಗ ಇರುವ ಜಾಗದಲ್ಲಿ ಕೆಲಸಕ್ಕೆ ಹಗಲಲ್ಲಿ ಗಂಟೆಗಟ್ಟಲೆ ಹಳಿ ಖಾಲಿ ಬೇಕು. ಇರುವುದು ಒಂದೇ ಹಳಿ. ಪಕ್ಕದಲ್ಲಿ ಇನ್ನೊಂದು ಇದ್ದಿದ್ದರೆ ಒಂದರಲ್ಲಿ ರೈಲು ಬಿಟ್ಟು ಇನ್ನೊಂದರಲ್ಲಿ ಕೆಲಸ ಮಾಡಬಹುದಿತ್ತು.

ಒಂದು ಕ್ರಾಸಿಂಗ್‌ಗೆ ಇಪ್ಪತ್ತು ನಿಮಿಷ

ಒಂಟಿ ಹಳಿಯ ಸಣ್ಣ ಸ್ಟೇಷನ್ನಿನಲ್ಲಿ ಕ್ರಾಸಿಂಗ್, ಅಂದರೆ ಎದುರುಬದುರು ಬರುವ ರೈಲುಗಳು ಒಂದನ್ನೊಂದು ದಾಟುವುದು, ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎದುರಿನಿಂದ ಎಕ್ಸ್‌ಪ್ರೆಸ್ ಬರುತ್ತಿದೆ. ನಮ್ಮ ಪ್ಯಾಸೆಂಜರ್ ಗಾಡಿ ಮೊದಲು ಬಂದಿದೆ. ಅದನ್ನು ಲೂಪ್ ಲೈನ್‌ಗೆ, ಅಂದರೆ ಸ್ಟೇಷನ್ನಿನಲ್ಲಿ ಮುಖ್ಯ ಹಳಿಯ ಪಕ್ಕ ಇರುವ ಹಳಿಗೆ, ತಗೊಳ್ಳಬೇಕು. ಲೂಪ್‌ಗೆ ತಿರುಗುವ ಪಾಯಿಂಟ್ (ಹಳಿ ಬದಲಿಸುವ ಜಾಗ) ಮೇಲೆ ಗಂಟೆಗೆ 15 ಅಥವಾ 30 ಕಿಲೋಮೀಟರ್‌ಗಿಂತ ಜೋರಾಗಿ ಹೋಗುವಂತಿಲ್ಲ. ಗಾಡಿ ತೆವಳಿಕೊಂಡು ಒಳಗೆ ಬಂದು ನಿಲ್ಲುತ್ತದೆ. ಬಾಲದ ಡಬ್ಬಿ ಪಾಯಿಂಟ್ ದಾಟಿದೆ ಅಂತ ಖಾತ್ರಿಯಾದ ಮೇಲೆ ಪಾಯಿಂಟ್ ಮತ್ತೆ ಮುಖ್ಯ ಹಳಿಗೆ ತಿರುಗುತ್ತದೆ, ಲಾಕ್ ಆಗುತ್ತದೆ. ಆಮೇಲೆ ಎಕ್ಸ್‌ಪ್ರೆಸ್‌ಗೆ ಸಿಗ್ನಲ್. ಅದು ಧೂಳೆಬ್ಬಿಸಿಕೊಂಡು ಹೋಗುವುದಕ್ಕೆ ಅರ್ಧ ನಿಮಿಷವೂ ಬೇಡ. ಆದರೆ ಅದು ಬರುವುದಕ್ಕೆ ಕಾದಿದ್ದು ಹತ್ತು ನಿಮಿಷ. ಅದು ಹೋದ ಮೇಲೆ ಸ್ಟೇಷನ್ ಮಾಸ್ಟರ್ ಮುಂದಿನ ಸ್ಟೇಷನ್ನಿಗೆ ಫೋನ್ ಮಾಡಿ, ಲೈನ್ ಕ್ಲಿಯರ್ ಪಡೆದು, ಪಾಯಿಂಟ್ ಮತ್ತೆ ತಿರುಗಿಸಿ, ಪ್ಯಾಸೆಂಜರ್‌ಗೆ ಸಿಗ್ನಲ್ ಕೊಡುತ್ತಾರೆ. ಅದು ಹೊರಟು ವೇಗ ಹಿಡಿಯಲು ಇನ್ನೆರಡು ನಿಮಿಷ. ಎಲ್ಲ ಸೇರಿ ಇಪ್ಪತ್ತು ನಿಮಿಷ ಹೋಯಿತು.

ಇಂಥ ಕ್ರಾಸಿಂಗ್ ಒಂದು ಪ್ರಯಾಣದಲ್ಲಿ ಮೂರು ಆದರೆ ಒಂದು ಗಂಟೆ. ಕಿಟಕಿ ಪಕ್ಕ ಕೂತವರಿಗೆ ಗಾಡಿ ಸುಮ್ನೆ ನಿಂತ ಹಾಗೆ ಕಾಣುತ್ತದೆ. ಆದರೆ ಆ ಲೂಪ್ ಇಲ್ಲದಿದ್ದರೆ ಎರಡರಲ್ಲಿ ಒಂದು ರೈಲು ಹಿಂದಿನ ಸ್ಟೇಷನ್ನಿನಲ್ಲೇ ಇನ್ನೂ ಜಾಸ್ತಿ ಹೊತ್ತು ಕಾಯಬೇಕಿತ್ತು. ಇದನ್ನು ನೆನಪಿಟ್ಟುಕೊಳ್ಳಬೇಕು. ಸಣ್ಣ ಸ್ಟೇಷನ್ನಿನಿಂದ ಲೂಪ್ ಕಿತ್ತು ಅದನ್ನು ಬರೀ ಹಾಲ್ಟ್ (ಗಾಡಿ ನಿಂತು ಹೋಗುವ ಜಾಗ ಮಾತ್ರ) ಮಾಡಿದಾಗ ಸಿಬ್ಬಂದಿ ಖರ್ಚು ಉಳಿಯುತ್ತದೆ. ಆದರೆ ಎರಡು ಬ್ಲಾಕ್ ಸೇರಿ ಒಂದು ಉದ್ದದ ಬ್ಲಾಕ್ ಆಗುತ್ತದೆ. ಸ್ಕಾಟ್ ಸೂತ್ರದಲ್ಲಿ ಭಾಗಿಸುವ ಸಂಖ್ಯೆ ದೊಡ್ಡದಾಗುತ್ತದೆ, ಬರುವ ಉತ್ತರ ಚಿಕ್ಕದಾಗುತ್ತದೆ. ಟಿಕೆಟ್ ಮಾರಾಟ ಇಲ್ಲ ಅನ್ನುವ ಕಾರಣಕ್ಕೆ ಹಾಲ್ಟ್ ಆದ ಒಂದು ಸ್ಟೇಷನ್, ಅಲ್ಲಿ ನಿಲ್ಲದೇ ಹೋಗುವ ಎಲ್ಲ ರೈಲುಗಳ ಜಾಗವನ್ನೂ ಕಡಿಮೆ ಮಾಡುತ್ತದೆ.

ವೇಗದ ರೈಲು ತಿನ್ನುವ ಜಾಗ

ಜೋಡಿ ಹಳಿ ಇದ್ದರೆ ಎದುರುಬದುರು ತೊಂದರೆ ಇಲ್ಲ. ಅಲ್ಲಿ ಬೇರೆ ಸಮಸ್ಯೆ: ಒಂದೇ ಹಳಿಯಲ್ಲಿ ಬೇರೆ ಬೇರೆ ವೇಗದ ರೈಲುಗಳು.

ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿಲೋಮೀಟರ್. ಊರೂರಿಗೆ ನಿಲ್ಲುವ ಗಾಡಿ ನೂರು ನಿಮಿಷ ತಗೊಳ್ಳುತ್ತದೆ ಅಂತ ಇಟ್ಟುಕೊಳ್ಳೋಣ. ಎಲ್ಲೂ ನಿಲ್ಲದ ರೈಲಿಗೆ ಐವತ್ತು ನಿಮಿಷ ಸಾಕು. ಆರು ಗಂಟೆಗೆ ನಿಧಾನದ ಗಾಡಿ ಹೊರಟರೆ 7.40ಕ್ಕೆ ತುಮಕೂರು ಸೇರುತ್ತದೆ. ಅದರ ಹಿಂದೆ ವೇಗದ ರೈಲು ಅಡ್ಡಿಯಿಲ್ಲದೆ ಓಡಬೇಕು ಅಂದರೆ ಅದು 6.50ಕ್ಕಿಂತ ಮೊದಲು ಹೊರಡುವಂತಿಲ್ಲ. ಅಂದರೆ ಆ ಐವತ್ತು ನಿಮಿಷ ಬೆಂಗಳೂರಿನಿಂದ ಆ ಕಡೆಗೆ ಹೊರಡಬಹುದಾಗಿದ್ದ ಬೇರೆ ವೇಗದ ರೈಲುಗಳಿಗೆಲ್ಲ ಬಾಗಿಲು ಮುಚ್ಚಿದ ಹಾಗೆ. ಇಲ್ಲವಾದರೆ ನಿಧಾನದ ಗಾಡಿಯನ್ನು ನಡುದಾರಿಯ ಲೂಪ್‌ಗೆ ತಳ್ಳಬೇಕು. ನಡೆಯುವುದು ಎರಡನೆಯದೇ.

ಎಲ್ಲ ರೈಲೂ ಒಂದೇ ವೇಗದಲ್ಲಿ ಓಡಿದರೆ ಅದೇ ಹಳಿಯಲ್ಲಿ ಎಷ್ಟೋ ಜಾಸ್ತಿ ರೈಲು ಓಡಿಸಬಹುದು. ನಮ್ಮ ಮೆಟ್ರೋ ಕೆಲವೇ ನಿಮಿಷಕ್ಕೊಂದು ಬರುವುದು ಇದೇ ಕಾರಣಕ್ಕೆ. ಅಲ್ಲಿ ವೇಗದ ಗಾಡಿ ನಿಧಾನದ ಗಾಡಿ ಅನ್ನುವ ಭೇದ ಇಲ್ಲ, ಗೂಡ್ಸ್ ಇಲ್ಲ. ರೈಲ್ವೆ ಹಳಿಯಲ್ಲಿ ಗಂಟೆಗೆ 130ರಲ್ಲಿ ಓಡಬಲ್ಲದ್ದೂ ಇದೆ, 50ರಲ್ಲಿ ತೆವಳುವ ಗೂಡ್ಸೂ ಇದೆ. ಆದ್ದರಿಂದ ಒಂದು ಹೊಸ ವಂದೇ ಭಾರತ್ ಅಂದರೆ ಬರೀ ಒಂದು ರೈಲಿನ ಜಾಗ ಅಲ್ಲ. ಅದು ಎರಡು ಮೂರು ನಿಧಾನದ ಗಾಡಿಗಳ ಹೊತ್ತನ್ನೂ ತಿಂದು ಹೋಗಬಹುದು. ನೆಂಟರು ಬಂದಾಗ ಮನೆ ಮಕ್ಕಳ ಹಾಸಿಗೆ ಜಗಲಿಗೆ ಹೋಗುತ್ತದಲ್ಲ, ಹಾಗೆ ಮೆಮು ಲೂಪ್‌ಗೆ ಹೋಗುತ್ತದೆ. ನೆಂಟರು ಬರಬಾರದು ಅಂತಲ್ಲ. ಬೆಳಗಾವಿಯವರಿಗೆ ವೇಗದ ರೈಲು ಬೇಕು, ಅದು ನ್ಯಾಯವೇ. ಮನೆಗೆ ಇನ್ನೊಂದು ಕೋಣೆ ಕಟ್ಟದೆ ನೆಂಟರನ್ನು ಕರೆಯುತ್ತಾ ಹೋದದ್ದು ತೊಂದರೆ.

ದಾರಿ ಏಳು, ಬಾಗಿಲು ಚಿಕ್ಕದು

ಬೆಂಗಳೂರಿಗೆ ಏಳು ದಿಕ್ಕಿನಿಂದ ಹಳಿ ಬರುತ್ತದೆ. ಮೈಸೂರು, ತುಮಕೂರು, ನೆಲಮಂಗಲ–ಶ್ರವಣಬೆಳಗೊಳ–ಹಾಸನ, ದೊಡ್ಡಬಳ್ಳಾಪುರ–ಹಿಂದೂಪುರ, ದೇವನಹಳ್ಳಿ–ಚಿಕ್ಕಬಳ್ಳಾಪುರ, ವೈಟ್‌ಫೀಲ್ಡ್–ಬಂಗಾರಪೇಟೆ, ಹೊಸೂರು–ಸೇಲಂ. ಎಲ್ಲವೂ ಊರೊಳಗೆ ಬಂದು ಯಶವಂತಪುರ, ಮೆಜೆಸ್ಟಿಕ್, ಕಂಟೋನ್ಮೆಂಟ್, ಬೈಯಪ್ಪನಹಳ್ಳಿ ನಡುವಿನ ಕೆಲವೇ ಕಿಲೋಮೀಟರ್‌ನಲ್ಲಿ ಸೇರುತ್ತವೆ. ಮೆಜೆಸ್ಟಿಕ್‌ನ ಕೆಎಸ್ಆರ್ ಸ್ಟೇಷನ್ನಿನಲ್ಲಿ ಇರುವುದು ಹತ್ತು ಪ್ಲಾಟ್‌ಫಾರ್ಮ್. ಔಟರ್‌ನಲ್ಲಿ ಗಾಡಿ ನಿಲ್ಲುವುದು ಇಲ್ಲಿಂದ ಶುರುವಾಗುವ ಕಥೆ.

2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಯಿತು. ಏಳು ಪ್ಲಾಟ್‌ಫಾರ್ಮ್ ಸಿಕ್ಕಿದವು. ಒಳ್ಳೆಯದೇ ಆಯಿತು. ಆದರೆ ಪ್ಲಾಟ್‌ಫಾರ್ಮ್ ಬೇರೆ, ಅಲ್ಲಿಗೆ ಬರುವ ಹಳಿ ಬೇರೆ. ಬಸ್ ಸ್ಟ್ಯಾಂಡ್ ದೊಡ್ಡದು ಮಾಡಿ ರಸ್ತೆ ಹಾಗೇ ಬಿಟ್ಟರೆ ಬಸ್ಸುಗಳು ಸ್ಟ್ಯಾಂಡಿನ ಹೊರಗೆ ನಿಲ್ಲುತ್ತವೆ, ಅಲ್ವಾ?

ಹಳಿ ಹೆಚ್ಚಿಸುವ ಕೆಲಸ ಎಷ್ಟು ನಿಧಾನ ಅನ್ನುವುದಕ್ಕೆ ಕಂಟೋನ್ಮೆಂಟ್–ವೈಟ್‌ಫೀಲ್ಡ್ ಸಾಕು. ಅಲ್ಲಿ ಇರುವ ಎರಡು ಹಳಿಗೆ ಇನ್ನೆರಡು ಸೇರಿಸುವ ಯೋಜನೆ 1997-98ರಲ್ಲೇ ಮಂಜೂರಾಗಿತ್ತು. ಆಮೇಲೆ ಮೂಲೆಗೆ ಬಿತ್ತು. ಸುಮಾರು ಇಪ್ಪತ್ತು ವರ್ಷದ ನಂತರ ಜೀವ ಬಂತು. ಆ ಇಪ್ಪತ್ತು ವರ್ಷದಲ್ಲಿ ವೈಟ್‌ಫೀಲ್ಡ್ ಒಂದು ಹಳ್ಳಿಯಿಂದ ಐಟಿ ನಗರ ಆಯಿತು. ಇದೇ ಹಳಿಯ ಮೇಲೆ ಚೆನ್ನೈ ರೈಲುಗಳು, ಕೆಜಿಎಫ್–ಬಂಗಾರಪೇಟೆ ಕಡೆಯ ಕೆಲಸಗಾರರ ಗಾಡಿಗಳು, ವೈಟ್‌ಫೀಲ್ಡ್ ಕಂಟೇನರ್ ಡಿಪೋದ ಗೂಡ್ಸ್, ದೇವನಗೊಂದಿಯ ತೈಲ ಟ್ಯಾಂಕರ್‌ಗಳು ಎಲ್ಲವೂ ಓಡಬೇಕು. ಬೈಯಪ್ಪನಹಳ್ಳಿ–ಹೊಸೂರು 48 ಕಿಲೋಮೀಟರ್ ಮತ್ತು ಯಶವಂತಪುರ–ಚನ್ನಸಂದ್ರ 21.7 ಕಿಲೋಮೀಟರ್ ಡಬ್ಲಿಂಗ್ (ಎರಡನೇ ಹಳಿ ಹಾಕುವ) ಕೆಲಸವನ್ನು ರಾಜ್ಯ ಮತ್ತು ರೈಲ್ವೆಯ ಜಂಟಿ ಕಂಪನಿ ಕೆ-ರೈಡ್ ಕೈಗೆತ್ತಿಕೊಂಡಿತು. ಹಾಸನ ಮಾರ್ಗವೂ ಚಿಕ್ಕಬಳ್ಳಾಪುರ ಮಾರ್ಗವೂ ಒಂಟಿ ಹಳಿಯವೇ.

ಪಕ್ಕದ ಹಳಿ ಹೇಗೆ ಸೊರಗುತ್ತದೆ

ಈಗ ನಕ್ಷೆ ತೆಗೆದು ನೋಡಿ. ಯಲಹಂಕದಿಂದ ದೇವನಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಬಂಗಾರಪೇಟೆ. ಬೆಂಗಳೂರಿನ ಈಶಾನ್ಯಕ್ಕೆ ಒಂದು ದೊಡ್ಡ ಬಿಲ್ಲಿನ ಹಾಗೆ ಈ ಹಳಿ ಬಾಗಿಕೊಂಡು ಹೋಗುತ್ತದೆ. 1910ರ ದಶಕದಲ್ಲಿ ಎರಡೂವರೆ ಅಡಿಯ ನ್ಯಾರೋ ಗೇಜ್ ಆಗಿ ಹಾಕಿದ ಮಾರ್ಗ ಇದು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿಯ ಕಲ್ಲಿನ ಕಟ್ಟಡಗಳು ಆ ಕಾಲದವೇ. ಇದರ ಬ್ರಾಡ್ ಗೇಜ್ ಪರಿವರ್ತನೆ ತುಂಡು ತುಂಡಾಗಿ ನಡೆದು, ಚಿಕ್ಕಬಳ್ಳಾಪುರ–ಕೋಲಾರ ಭಾಗ ಮುಗಿದದ್ದು 2013ರಲ್ಲಿ. ಆಮೇಲೆ ವಿದ್ಯುತ್ ತಂತಿಯೂ ಬಂತು.

ಅಂದರೆ ಊರೊಳಗೆ ಬಾರದೆ ಚೆನ್ನೈ ದಿಕ್ಕಿಗೆ ಹೋಗಬಹುದಾದ ಬಳಸುದಾರಿ ಈಗಲೇ ನೆಲದ ಮೇಲಿದೆ. ಆದರೂ ಅದರ ಮೇಲೆ ದಿನಕ್ಕೆ ಬೆರಳೆಣಿಕೆಯ ಗಾಡಿಗಳು. ಯಾಕೆ? ನೇರ ಮಾರ್ಗದಲ್ಲಿ ಬೆಂಗಳೂರು–ಬಂಗಾರಪೇಟೆ 70 ಕಿಲೋಮೀಟರ್. ಈ ಬಳಸುದಾರಿಯಲ್ಲಿ ಅದರ ದುಪ್ಪಟ್ಟಿಗೂ ಜಾಸ್ತಿ. ಒಂಟಿ ಹಳಿ, ಲೂಪ್ ಇರುವ ಸ್ಟೇಷನ್ ಕಡಿಮೆ, ತಿರುವು ಜಾಸ್ತಿ. ಇವೆಲ್ಲ ನಿಜವಾದ ಅಡ್ಡಿಗಳೇ. ಆದರೆ ಇವಕ್ಕಿಂತ ದೊಡ್ಡದು ಒಂದು ಸುಳಿ. ಗಾಡಿ ಕಡಿಮೆ ಇರುವುದರಿಂದ ಜನ ಬಸ್ಸು ಹಿಡಿಯುತ್ತಾರೆ. ಜನ ಇಲ್ಲದ್ದರಿಂದ ಗಾಡಿ ಲಾಭ ಇಲ್ಲ ಅಂತ ಲೆಕ್ಕ ಬರುತ್ತದೆ. ಲಾಭ ಇಲ್ಲದ್ದರಿಂದ ಮಾರ್ಗಕ್ಕೆ ದುಡ್ಡು ಹಾಕುವುದಿಲ್ಲ. ದುಡ್ಡು ಹಾಕದ್ದರಿಂದ ಗಾಡಿ ನಿಧಾನ. ನಿಧಾನ ಆದ್ದರಿಂದ ಇನ್ನಷ್ಟು ಜನ ಬಸ್ಸು ಹಿಡಿಯುತ್ತಾರೆ.

ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ಇದೇ ಮಾರ್ಗದಲ್ಲಿದೆ. 2021ರ ಜನವರಿಯಲ್ಲಿ ಅಲ್ಲಿ ಗಾಡಿ ನಿಲ್ಲಲು ಶುರುವಾದಾಗ ಎಷ್ಟು ಸಂಭ್ರಮ ಇತ್ತು. ಆದರೆ ವಿಮಾನ ಹಿಡಿಯುವವರು ಟೈಮ್‌ಟೇಬಲ್ ನೋಡಿ ಮನೆ ಬಿಡುವುದಿಲ್ಲ, ವಿಮಾನದ ಹೊತ್ತು ನೋಡಿ ಬಿಡುತ್ತಾರೆ. ಅರ್ಧ ಗಂಟೆಗೊಂದು ಗಾಡಿ ಇದ್ದರೆ ಮಾತ್ರ ಅವರು ರೈಲನ್ನು ನಂಬುತ್ತಾರೆ. ಒಂಟಿ ಹಳಿಯಲ್ಲಿ ಅರ್ಧ ಗಂಟೆಗೊಂದು ಗಾಡಿ ಎರಡೂ ಕಡೆಗೆ ಓಡಿಸಬೇಕಾದರೆ ಲೂಪ್‌ಗಳು ಹತ್ತಿರ ಹತ್ತಿರ ಇರಬೇಕು. ಅದು ಇಲ್ಲ. ಆದ್ದರಿಂದ ಗಾಡಿ ಕಡಿಮೆ, ಹತ್ತುವವರೂ ಕಡಿಮೆ. ಹತ್ತುವವರಿಲ್ಲ ಅನ್ನುವುದನ್ನೇ ಬೇಡಿಕೆ ಇಲ್ಲ ಅಂತ ಓದಿದರೆ ತಪ್ಪಾಗುತ್ತದೆ.

ಕೋವಿಡ್ ನಂತರ ಇನ್ನೊಂದು ಪೆಟ್ಟು ಬಿತ್ತು. ನಿಂತಿದ್ದ ಪ್ಯಾಸೆಂಜರ್ ಗಾಡಿಗಳು ಮತ್ತೆ ಬಂದಾಗ ಎಕ್ಸ್‌ಪ್ರೆಸ್ ಸ್ಪೆಷಲ್ ಅನ್ನುವ ಹೆಸರಲ್ಲಿ ಬಂದವು. ಕನಿಷ್ಠ ದರ 10 ರೂಪಾಯಿ ಇದ್ದದ್ದು 30 ಆಯಿತು. ಎಷ್ಟೋ ಸಣ್ಣ ಸ್ಟೇಷನ್‌ಗಳಲ್ಲಿ ನಿಲುಗಡೆಯೇ ಹೋಯಿತು. 2024ರ ಫೆಬ್ರವರಿಯಲ್ಲಿ ದರ ಮತ್ತೆ 10ಕ್ಕೆ ಇಳಿಯಿತು. ಆದರೆ ಆ ನಾಲ್ಕು ವರ್ಷದಲ್ಲಿ ಬಸ್ಸಿಗೋ ಬೈಕಿಗೋ ಹೋದವರೆಲ್ಲ ವಾಪಸ್ ಬರಬೇಕು ಅಂತೇನಿಲ್ಲ.

ಹಳಿ ಕೀಳದೆಯೂ ಒಂದು ಮಾರ್ಗವನ್ನು ಕಳೆದುಕೊಳ್ಳಬಹುದು. ಮೊದಲು ನಿಲುಗಡೆ ಹೋಗುತ್ತದೆ, ಆಮೇಲೆ ಲೂಪ್, ಆಮೇಲೆ ರಾತ್ರಿಯ ಕೊನೆ ಗಾಡಿ.

ಕಿತ್ತ ಹಳಿಯ ಬೆಲೆ

ಹಳಿಯನ್ನೇ ಕಿತ್ತ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ಹೊಸೂರಿನ ಆಚೆ, ಧರ್ಮಪುರಿ ಮೂಲಕ ಮೊರಪ್ಪೂರಿಗೆ ಒಂದು ನ್ಯಾರೋ ಗೇಜ್ ಮಾರ್ಗ ಇತ್ತು. ಮೊರಪ್ಪೂರು–ಧರ್ಮಪುರಿ 1906ರಲ್ಲಿ ಶುರುವಾಗಿ, 1913ರಲ್ಲಿ ಹೊಸೂರಿನ ತನಕ ಬಂದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಅದನ್ನು ಮುಚ್ಚಿದರು. ಧರ್ಮಪುರಿಯಿಂದ ಚೆನ್ನೈ ಮುಖ್ಯ ಮಾರ್ಗದ ಮೊರಪ್ಪೂರಿಗೆ ಇರುವ ಆ 36 ಕಿಲೋಮೀಟರ್ ಸಂಪರ್ಕ ಮತ್ತೆ ಬೇಕು ಅಂತ ದಶಕಗಳ ಕಾಲ ಜನ ಕೇಳಿದರು. ಹೊಸ ಮಾರ್ಗಕ್ಕೆ ಶಂಕುಸ್ಥಾಪನೆ ಆದದ್ದು 2019ರಲ್ಲಿ. ನಡುವೆ 78 ವರ್ಷ. ಅಷ್ಟರಲ್ಲಿ ಮನೆ, ಹೊಲ, ರಸ್ತೆ ಎಲ್ಲ ಬಂದಿರುವುದರಿಂದ ಭೂಮಿಯನ್ನು ಮತ್ತೆ ದುಡ್ಡು ಕೊಟ್ಟು ಪಡೆಯಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ರೈಲು ಮಾರ್ಗಕ್ಕೆ ಸರಿಯಾಗಿ ಹೊಂದುವ ಮಾತು.

ಈ ತಪ್ಪನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ ದೇಶ ಬ್ರಿಟನ್. 1963ರಲ್ಲಿ ಅಲ್ಲಿನ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಒಂದು ವರದಿ ಕೊಟ್ಟರು. ನಷ್ಟದಲ್ಲಿರುವ ಸುಮಾರು 5000 ಮೈಲಿ ಮಾರ್ಗ ಮತ್ತು 2363 ಸ್ಟೇಷನ್ ಮುಚ್ಚಬೇಕು ಅಂತ ಅದರಲ್ಲಿತ್ತು. ಬಹುಪಾಲು ಜಾರಿಗೂ ಬಂತು. ಲೆಕ್ಕದ ಪುಸ್ತಕದಲ್ಲಿ ಆ ಮಾರ್ಗಗಳಿಗೆ ಬೆಲೆ ಇರಲಿಲ್ಲ. ಎರಡು ಊರಿಗೆ ಎರಡು ದಾರಿ ಯಾಕೆ, ಒಂದು ಸಾಕು ಅನ್ನುವುದು ಆಗಿನ ತರ್ಕ.

ಆ ತರ್ಕಕ್ಕೆ ಬೆಲೆ ತೆರಬೇಕಾಗಿ ಬಂದದ್ದು 2014ರ ಫೆಬ್ರವರಿಯಲ್ಲಿ. ಡಾಲಿಶ್ ಅನ್ನುವ ಊರಿನಲ್ಲಿ ಹಳಿ ಸಮುದ್ರದ ಅಂಚಿನಲ್ಲೇ ಓಡುತ್ತದೆ. ಬಿರುಗಾಳಿಗೆ ತಡೆಗೋಡೆ ಕೊಚ್ಚಿಹೋಗಿ ಹಳಿ ಗಾಳಿಯಲ್ಲಿ ತೊಟ್ಟಿಲಿನ ಹಾಗೆ ತೂಗಾಡಿತು. ಎರಡು ತಿಂಗಳು ನೈರುತ್ಯ ತುದಿಯ ಕಾರ್ನ್‌ವಾಲ್ ಪ್ರದೇಶ ಇಡೀ ದೇಶದ ರೈಲು ಜಾಲದಿಂದ ಕಡಿದುಹೋಯಿತು. ಒಳನಾಡಿನಲ್ಲಿ ಓಕ್‌ಹ್ಯಾಂಪ್ಟನ್ ಮೂಲಕ ಇನ್ನೊಂದು ದಾರಿ ಇದ್ದದ್ದನ್ನು 1968ರಲ್ಲೇ ಮುರಿದಿದ್ದರು. ಅದರಲ್ಲಿ ಎಕ್ಸೆಟರ್–ಓಕ್‌ಹ್ಯಾಂಪ್ಟನ್ ಭಾಗಕ್ಕೆ 2021ರಲ್ಲಿ ದಿನನಿತ್ಯದ ಪ್ರಯಾಣಿಕರ ರೈಲು ವಾಪಸ್ ಬಂತು. ಸ್ಕಾಟ್ಲೆಂಡಿನಲ್ಲಿ 1969ರಲ್ಲಿ ಮುಚ್ಚಿದ್ದ ಬಾರ್ಡರ್ಸ್ ಮಾರ್ಗದ ಒಂದು ಭಾಗವನ್ನು 2015ರಲ್ಲಿ ಮತ್ತೆ ಕಟ್ಟಿದರು. ಆಕ್ಸ್‌ಫರ್ಡ್–ಕೇಂಬ್ರಿಜ್ ಮಾರ್ಗವನ್ನೂ ಈಗ ಮತ್ತೆ ಜೋಡಿಸುತ್ತಿದ್ದಾರೆ.

ನಮ್ಮ ಡಾಲಿಶ್ ಸಕಲೇಶಪುರ ಘಾಟಿ. 2018ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಅಲ್ಲಿ ತಿಂಗಳಿಗೂ ಜಾಸ್ತಿ ರೈಲು ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಮತ್ತೆ ಸುಮಾರು ಎರಡು ವಾರ ನಿಂತಿತು. ಬೆಂಗಳೂರಿನಿಂದ ಮಂಗಳೂರಿಗೆ ಆಗ ಹೆಚ್ಚಾಗಿ ಬಳಸುವ ರೈಲು ದಾರಿ ಸೇಲಂ, ಪಾಲಕ್ಕಾಡ್, ಶೊರನೂರು ಸುತ್ತಿಕೊಂಡು ಹೋಗುವುದು. ಹಾಗೆ ಹೋದರೆ ಕನ್ನಡನಾಡಿನ ರಾಜಧಾನಿಯಿಂದ ಕನ್ನಡನಾಡಿನ ಬಂದರಿಗೆ ತಮಿಳುನಾಡು, ಕೇರಳ ಎರಡನ್ನೂ ದಾಟಬೇಕು.

ಯಾರು ಏನು ಹೇಳುತ್ತಾರೆ

ರೈಲ್ವೆಯ ವಾದವನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ನಾಲ್ಕು ಮಹಾನಗರಗಳನ್ನು ಜೋಡಿಸುವ ಮುಖ್ಯ ಮಾರ್ಗಗಳು ಮತ್ತು ಅವುಗಳ ಕರ್ಣಗಳು ದೇಶದ ಒಟ್ಟು ಮಾರ್ಗದಲ್ಲಿ ಶೇ 16ರಷ್ಟು ಮಾತ್ರ. ಆದರೆ ಪ್ರಯಾಣಿಕರಲ್ಲಿ ಶೇ 52, ಸರಕಿನಲ್ಲಿ ಶೇ 58 ಅಲ್ಲೇ ಓಡುತ್ತದೆ. ದುಡ್ಡು ಇರುವುದು ಇಷ್ಟೇ ಅಂದಾಗ ಜನ ಜಾಸ್ತಿ ಇರುವಲ್ಲಿ ಹಾಕಬೇಕು ಅನ್ನುವುದು ಸರಿಯೇ. ಪ್ರಯಾಣಿಕರಿಂದ ಖರ್ಚಿನ ಶೇ 57ರಷ್ಟು ಮಾತ್ರ ಸಿಗುತ್ತದೆ ಅಂತ ಟಿಕೆಟ್ ಮೇಲೇ ಅಚ್ಚು ಹಾಕುತ್ತಿದ್ದ ಇಲಾಖೆ ಅದು. ಉಳಿದದ್ದನ್ನು ಗೂಡ್ಸ್ ದುಡಿದು ತುಂಬಿಸಬೇಕು. ಗೂಡ್ಸ್ ನಿಲ್ಲಿಸಿ ಹತ್ತು ರೂಪಾಯಿಯ ಗಾಡಿ ಓಡಿಸಿ ಅಂದರೆ ಅವರಿಗೆ ಎರಡು ಕಡೆಯಿಂದ ನಷ್ಟ.

ನಗರದವರ ವಾದ ಬೇರೆ. ಊರೊಳಗಿನ ಓಡಾಟಕ್ಕೆ ಬೇರೆ ಹಳಿಯೇ ಬೇಕು, ಎಕ್ಸ್‌ಪ್ರೆಸ್‌ಗಳ ನಡುವೆ ತೂರಿಸಿ ಪ್ರಯೋಜನ ಇಲ್ಲ. ಉಪನಗರ ರೈಲು ಯೋಜನೆ ಹುಟ್ಟಿದ್ದು ಈ ಯೋಚನೆಯಿಂದ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್, 15,767 ಕೋಟಿ ರೂಪಾಯಿ. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದಾಗ ಕೇಳಿದ್ದು 40 ತಿಂಗಳ ಮಾತು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿಯಿತು, ಒಂದು ಮಾರ್ಗವೂ ಓಡಲು ಸಿದ್ಧವಾಗಿರಲಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಉಪನಗರ ರೈಲಿಗೂ ರೈಲ್ವೆಯ ಮೂರನೇ ನಾಲ್ಕನೇ ಹಳಿಗೂ ಬೇಕಾಗಿರುವುದು ಬಹುತೇಕ ಅದೇ ಪಕ್ಕದ ಪಟ್ಟಿ ಜಾಗ. ಇವತ್ತು ಒಬ್ಬರಿಗೆ ಕೊಟ್ಟರೆ ನಾಳೆ ಇನ್ನೊಬ್ಬರಿಗೆ ಇರುವುದಿಲ್ಲ.

ಬೆಂಗಳೂರಿನ ಹೊರಗಿನ ಊರಿನವರು ಈ ಎರಡು ವಾದಗಳ ನಡುವೆ ಸಿಕ್ಕಿಬಿದ್ದಿದ್ದಾರೆ. ಉಪನಗರ ರೈಲು ದೇವನಹಳ್ಳಿಗೆ ನಿಲ್ಲುತ್ತದೆ, ಚಿಕ್ಕಬಳ್ಳಾಪುರಕ್ಕೆ ಹೋಗುವುದಿಲ್ಲ. ವೈಟ್‌ಫೀಲ್ಡ್‌ಗೆ ನಿಲ್ಲುತ್ತದೆ, ಮಾಲೂರಿಗೆ ಹೋಗುವುದಿಲ್ಲ. ಇವರಿಗೆ ಬೇಕಾದದ್ದು ಹಳೆಯ ಹಳಿಯ ಮೇಲೆ ನಂಬಿಕೆಯ ಮೆಮು. ಇವರ ಪರವಾಗಿ ಮಾತಾಡುವ ಕಚೇರಿ ಯಾವುದು ಅಂತ ಹುಡುಕಿದರೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ದೊಡ್ಡ ಕೊರತೆ ಇದೇ.

ಘಾಟಿಯಲ್ಲಿ ಎರಡನೇ ಹಳಿ ಹಾಕಿ ಅಂದಾಗ ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆ ಬರುತ್ತದೆ, ಬರಲೇಬೇಕು. ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದಿಂದ ನಿಂತಿರುವುದು ಅದೇ ಕಾರಣಕ್ಕೆ. ಹೊಸ ಹಳಿ ಹಾಕುವುದು ಇಷ್ಟು ಕಷ್ಟ ಆಗಿರುವ ಕಾಲದಲ್ಲಿ, ಇರುವ ಹಳಿಯ ಬೆಲೆ ಇನ್ನೂ ಜಾಸ್ತಿ ಆಗುತ್ತದೆ.

ಮುಂದೆ ಏನಾಗಬಹುದು

ಈಗಿನ ರೀತಿಯೇ ಮುಂದುವರಿದರೆ ನಡೆಯುವುದನ್ನು ಊಹಿಸುವುದು ಕಷ್ಟ ಅಲ್ಲ. ವೇಗದ ರೈಲು ಒಂದೊಂದಾಗಿ ಸೇರುತ್ತವೆ. ಮೆಮುಗಳ ಟೈಮ್‌ಟೇಬಲ್‌ನಲ್ಲಿ ಐದು ನಿಮಿಷ, ಹತ್ತು ನಿಮಿಷ ಉದ್ದವಾಗುತ್ತಾ ಹೋಗುತ್ತದೆ. ಇನ್ನಷ್ಟು ಗಾಡಿಗಳು ಮೆಜೆಸ್ಟಿಕ್‌ಗೆ ಬರದೆ ಯಶವಂತಪುರ, ಬೈಯಪ್ಪನಹಳ್ಳಿ, ವೈಟ್‌ಫೀಲ್ಡ್‌ನಲ್ಲೇ ನಿಲ್ಲುತ್ತವೆ. ಅಲ್ಲಿಂದ ಮೆಟ್ರೋಗೋ ಬಸ್ಸಿಗೋ ಮತ್ತೊಂದು ಟಿಕೆಟ್. ಬಂಗಾರಪೇಟೆಯಿಂದ ದಿನಾ ಬಂದು ಹೋಗುವ ಗಾರ್ಮೆಂಟ್ಸ್ ಕೆಲಸದವರಿಗೆ ಆ ಎರಡನೇ ಟಿಕೆಟ್ ಅಂದರೆ ತಿಂಗಳ ಸಂಬಳದಲ್ಲಿ ಕಣ್ಣಿಗೆ ಕಾಣುವ ತೂತು.

ದೊಡ್ಡ ಪರಿಹಾರವಾಗಿ 287 ಕಿಲೋಮೀಟರ್‌ನ ವರ್ತುಲ ರೈಲು ಮಾರ್ಗದ ಮಾತು ಬಂದಿದೆ. ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಸೋಲೂರು ಸುತ್ತಿಕೊಂಡು ಬರುವ ಮಾರ್ಗ. ಆದರೆ ಭೂಮಿ ಪಡೆದು ಹಳಿ ಹಾಕುವಷ್ಟರಲ್ಲಿ ಎಷ್ಟು ವರ್ಷ ಬೇಕು ಅನ್ನುವುದಕ್ಕೆ ಕಂಟೋನ್ಮೆಂಟ್–ವೈಟ್‌ಫೀಲ್ಡ್ ಕಥೆ ನೋಡಿದ್ದೇವೆ. ಹಾಸನಕ್ಕೆ ಶ್ರವಣಬೆಳಗೊಳದ ದಾರಿ 1996ರಲ್ಲಿ ಶುರುವಾಗಿ ಪೂರ್ತಿ ಆದದ್ದು 2017ರಲ್ಲಿ.

ಅದಕ್ಕೆ ಕಾಯದೆ ಮಾಡಬಹುದಾದ ಸಣ್ಣ ಕೆಲಸಗಳಿವೆ. ಚಿಕ್ಕಬಳ್ಳಾಪುರ–ಕೋಲಾರ ಮಾರ್ಗದ ಕೆಲವು ಹಾಲ್ಟ್‌ಗಳಿಗೆ ಲೂಪ್ ಹಾಕಿ ಮತ್ತೆ ಕ್ರಾಸಿಂಗ್ ಸ್ಟೇಷನ್ ಮಾಡುವುದು. ಇಡೀ ಗೂಡ್ಸ್ ರೈಲು ಹಿಡಿಯುವಷ್ಟು ಲೂಪ್‌ಗಳನ್ನು ಉದ್ದ ಮಾಡುವುದು. ಉದ್ದದ ಬ್ಲಾಕ್‌ಗಳ ನಡುವೆ ಸಿಗ್ನಲ್ ಇಟ್ಟು ಎರಡು ತುಂಡು ಮಾಡುವುದು, ಜೋಡಿ ಹಳಿ ಇರುವಲ್ಲಿ ಆಟೊಮ್ಯಾಟಿಕ್ ಸಿಗ್ನಲ್ ಹಾಕುವುದು. ಇವಕ್ಕೆ ಭೂಮಿ ಕಡಿಮೆ ಸಾಕು, ಉದ್ಘಾಟನೆಗೆ ಹಸಿರು ಬಾವುಟ ಬೇಕಾಗುವುದಿಲ್ಲ. ಹಾಗಾಗಿ ಇವು ಪಟ್ಟಿಯಲ್ಲಿ ಕೆಳಗೇ ಉಳಿಯುತ್ತವೆ. ಮಾರಿಕುಪ್ಪಂನಿಂದ ಕುಪ್ಪಂಗೆ ಇರುವ ಸಣ್ಣ ಜೋಡಣೆ ಬಹಳ ವರ್ಷದಿಂದ ಬಾಕಿ ಇದೆ. ಅದು ಮುಗಿದರೆ ಬಂಗಾರಪೇಟೆಯಿಂದ ಚೆನ್ನೈ ದಿಕ್ಕಿಗೆ ಎರಡನೇ ದಾರಿ ಸಿಗುತ್ತದೆ, ಕೊನೆ ಸ್ಟೇಷನ್ ಆಗಿ ನಿಂತಿರುವ ಕೆಜಿಎಫ್ ಊರು ನಡುದಾರಿಯ ಊರಾಗುತ್ತದೆ.

ಶ್ರೀನಿವಾಸಪುರದ ಮಾವು, ಕೋಲಾರದ ಟೊಮೆಟೊ, ಶಿಡ್ಲಘಟ್ಟದ ರೇಷ್ಮೆ ಎಲ್ಲ ಈಗ ಲಾರಿಯಲ್ಲಿ ಹೋಗುತ್ತವೆ. ಮೂರೂ ಊರಿನ ಪಕ್ಕದಲ್ಲೇ ಬ್ರಾಡ್ ಗೇಜ್ ಹಳಿ ಇದೆ, ಮೇಲೆ ವಿದ್ಯುತ್ ತಂತಿ ಇದೆ. ವರ್ತುಲ ಮಾರ್ಗದ ಅಂತಿಮ ನಕ್ಷೆ ಬರೆಯುವವರು ಆ ಹಳಿಯನ್ನು ಅದರೊಳಗೆ ಸೇರಿಸುತ್ತಾರೋ, ಪಕ್ಕಕ್ಕೆ ಬಿಡುತ್ತಾರೋ ಅನ್ನುವುದನ್ನು ಚಿಂತಾಮಣಿಯವರು, ಕೋಲಾರದವರು ಈಗಲೇ ಕೇಳಬೇಕು. ಸರ್ವೆ ಕಲ್ಲು ನೆಟ್ಟ ಮೇಲೆ ಕೇಳಿದರೆ ಉತ್ತರ ಮತ್ತೆ ಅದೇ ಬರುತ್ತದೆ, ಜಾಗ ಇಲ್ಲ ಅಂತ.